ಗಿರಣಿ ಬಯಲಿನ ಅಮಾಸಿ ಆಟ

ಪ್ಲೇಗಿಗೆ ಹೆದರಿ ಸಂಗೊಳ್ಳಿಯ ಜನ ಊರಿಗೆ ಊರೇ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದ ವರ್ಷ, ನಿಜಗುಣಪ್ಪ ತನ್ನ ಹೆಂಡತಿ ಸೋಮವ್ವನಿಗೆ ಒಂದು ಮಾತು ಕೊಟ್ಟಿದ್ದ. ಜ್ವರದಲ್ಲಿ ಬೇಯುತ್ತಿದ್ದವಳು ನೀರು ಕೇಳಲಿಲ್ಲ, ತವರಿನವರನ್ನು ಕೇಳಲಿಲ್ಲ. ಗಂಡನ ಕೈ ಹಿಡಿದುಕೊಂಡು, "ನನ್ನ ಮಗನ್ನ ಗಿರಣಿ ಕೆಲಸಕ್ಕ ಹಾಕಬ್ಯಾಡ್ರಿ. ಇದೊಂದು ಮಾತ ಕೊಡ್ರಿ" ಅಂದಳು. ಅವಳ ತಮ್ಮ ಸಂಗಪ್ಪ ಬೈಲಹೊಂಗಲದ ಹತ್ತಿ ಗಿರಣಿಯಲ್ಲಿ ದುಡಿಯುತ್ತಿದ್ದ. ಯಾರೋ ಕರೆದರೆಂದು ಹಿಂತಿರುಗಿ ನೋಡಿದನಂತೆ, ಅಷ್ಟರಲ್ಲಿ ಯಂತ್ರದ ಗಾಲಿಗೆ ಸುತ್ತಿ ಓಡುವ ಪಟ್ಟಾಕ್ಕೆ ಅವನ ತೋಳು ಸಿಕ್ಕಿತು. ಆ ಗಾಯದಿಂದ ಅವನು ಏಳಲಿಲ್ಲ.

"ಕೊಟ್ಟೇನಿ ತಗೋ" ಅಂದ ನಿಜಗುಣಪ್ಪ. "ನಾ ಇರೂತನಾ ಅವ ಗಿರಣಿ ಕೆಲಸಕ್ಕ ಹೋಗೂದಿಲ್ಲ."

ಮಗ ದುಂಡಪ್ಪನಿಗೆ ಆಗ ಹಾಲುಹಲ್ಲು ಬಿದ್ದಿರಲಿಲ್ಲ. ಸೋಮವ್ವ ಹೋದ ಮೇಲೆ ನಿಜಗುಣಪ್ಪ ಎರಡನೆಯ ಮದುವೆಯ ಮಾತು ಬಂದಲ್ಲೆಲ್ಲ ಎದ್ದು ಹೋದ. ಗಂಡ ಸತ್ತು ತವರಿಗೆ ಬಂದಿದ್ದ ಅಕ್ಕ ಯಲ್ಲವ್ವ ರೊಟ್ಟಿ ಬಡಿದಳು, ಇವನು ಹೊಲ ನೋಡಿದ, ಹುಡುಗ ಬೆಳೆದ. ಬೆಳೆದ ಮೇಲೆ ಹತ್ತಿ ಬಂಡಿಯ ಜೊತೆ ಬೈಲಹೊಂಗಲಕ್ಕೆ ಹೋಗಲೇಬೇಕಲ್ಲ. ಹತ್ತಿ ಇಳಿಸಿ ಬಾ ಅಂದರೆ ಅವನು ಇಂಜಿನ್ ಖೋಲಿಯ ಬಾಗಿಲಲ್ಲಿ ನಿಂತುಬಿಡುತ್ತಿದ್ದ. ಮನೆಗೆ ಬಂದು ಎತ್ತಿಗೆ ಕಣಿಕೆ ಹಾಕುವಾಗಲೂ ಬಾಯಲ್ಲಿ ಗಾಲಿ ತಿರುಗುವ ಸದ್ದು. ಯಲ್ಲವ್ವ ಒಂದು ದಿನ ಅಂದಳು, "ತಮ್ಮಾ, ಈ ಹುಡುಗಗ ಸೋದರಮಾವನ ಗುಣ ಹತ್ತೇತಿ ನೋಡು."

ಗಿರಣಿಗೆ ಮುಂಬಯಿ ಕಡೆಯಿಂದ ಹೊಸ ಮ್ಯಾನೇಜರ ಬಂದಿದ್ದ. ಆತನಿಗೆ ಫುಟ್‌ಬಾಲಿನ ಹುಚ್ಚು. ಪ್ರತಿ ರವಿವಾರ ಗಿರಣಿ ನಿಂತ ಕೂಡಲೇ ಕೆಲಸಗಾರರನ್ನು ಬಯಲಿಗೆ ಎಳೆದು ಆಡಿಸುತ್ತಿದ್ದ. ಬರಬರುತ್ತ ಅವರಿಗೆ ತಮ್ಮ ತಮ್ಮೊಳಗೆ ಆಡಿ ಬೇಸರವಾಯಿತು, ಸುತ್ತಿನ ಹಳ್ಳಿಗಳಿಗೆ ಪಂಥ ಕಳಿಸತೊಡಗಿದರು. ಹತ್ತಿ ತಂದ ದುಂಡಪ್ಪ ಒಮ್ಮೆ ಬಯಲಿನ ಅಂಚಿಗೆ ಬಂದ ಚೆಂಡನ್ನು ಒದ್ದನಂತೆ, ಅದು ಗಿರಣಿಯ ತಗಡಿನ ಮೇಲೆ ಹೋಗಿ ಬಿತ್ತಂತೆ. ಮ್ಯಾನೇಜರ ಕರೆದು ಅಂದ: ಸಂಗೊಳ್ಳಿಯವರ ಮೇಲೆ ನಮ್ಮ ಕಡೆ ಆಡು, ಗೆಲ್ಲಿಸು, ಇಂಜಿನ್ ಖೋಲಿಯಲ್ಲಿ ಕೆಲಸಕ್ಕೆ ನಿಲ್ಲು.

ದುಂಡಪ್ಪ ಇದನ್ನು ಅಪ್ಪನಿಗೆ ಮುಚ್ಚಿಡಲಿಲ್ಲ. ಉಣ್ಣುವಾಗ ಎಲ್ಲವನ್ನೂ ಹೇಳಿದ.

"ಬ್ಯಾಡ" ಅಂದ ನಿಜಗುಣಪ್ಪ.

"ಅವ್ವಗ ಮಾತ ಕೊಟ್ಟೀ ಅಂತ ಅತ್ತಿ ಹೇಳ್ಯಾಳ. ನನ್ನ ಕೇಳಿ ಕೊಟ್ಟಿದ್ದಿಲ್ಲಲ್ಲ ಯಪ್ಪಾ."

"ಕೇಳಿದ್ದರ ನೀ ಆವಾಗ ಬೆಲ್ಲ ಬೇಡತಿದ್ದಿ."

ದುಂಡಪ್ಪ ನಗಲಿಲ್ಲ. "ಹಂಗಾರ ಹಿಂಗ ಮಾಡೂಣು. ಗಿರಣಿಯವರು ಗೆದ್ದರ ನಾ ಹೋಗತೇನಿ, ನೀ ತಡೀಬಾರದು. ಗೆಲ್ಲಲಿಲ್ಲಂದರ ಸಾಯೂತನಾ ಗಿರಣಿ ಹೆಸರ ಎತ್ತೂದಿಲ್ಲ. ಆತಿಲ್ಲೊ?"

ನಿಜಗುಣಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಕಟ್ಟಿ ಹಾಕಲು ಮಗ ಎತ್ತಲ್ಲ, ಇವತ್ತಲ್ಲ ನಾಳೆ ಹಗ್ಗ ಹರಿಯುವವನೇ. ಪಂಥಕ್ಕೆ ನಿಂತರೆ ಮಾತಿಗೆ ಕಟ್ಟುಬೀಳುತ್ತಾನೆ, ಅಷ್ಟು ಗುಣ ಅವನಲ್ಲಿದೆ.

"ಆತು" ಅಂದ. ಮರುದಿನ ಊರ ಹುಡುಗರ ಹತ್ತಿರ ಹೋಗಿ, ಗೋಲಿನಲ್ಲಿ ತಾನು ನಿಲ್ಲುತ್ತೇನೆ ಅಂದ.

ಆಟದ ದಿನ ಗೊತ್ತು ಮಾಡುವುದೇ ದೊಡ್ಡ ಪಂಚಾಯತಿಯಾಯಿತು. ಗಿರಣಿಗೆ ರವಿವಾರ ಸೂಟಿ. ಒಕ್ಕಲಿಗರಿಗೆ ಸೋಮವಾರ, ಬಸವಣ್ಣನ ವಾರ, ಎತ್ತು ಹೂಡುವಂತಿಲ್ಲ. ಅವರು ಇದಕ್ಕೆ ಒಪ್ಪರು, ಇವರು ಅದಕ್ಕೆ ಬಗ್ಗರು. ಕಡೆಗೆ ಶಿವರಾತ್ರಿ ಅಮಾಸಿ ರವಿವಾರವೇ ಬಂತು. ಅಮಾಸಿ ದಿನವೂ ಎತ್ತಿಗೆ ನೊಗ ಇಡುವುದಿಲ್ಲವಾದ್ದರಿಂದ ಎರಡೂ ಕಡೆಯವರಿಗೆ ಸೂಟಿ ಕೂಡಿತು. ಬಂಡಿ ಕಟ್ಟುವಂತಿಲ್ಲ, ಸಂಗೊಳ್ಳಿಯವರು ನಸುಕಿನ ತಂಪಿನಲ್ಲಿ ಬುತ್ತಿ ಕಟ್ಟಿಕೊಂಡು ನಡೆದೇ ಹೊರಟರು. ದುಂಡಪ್ಪನೂ ಅವರ ಜೊತೆಗೇ ನಡೆದ. ಎದುರು ತಂಡದವನೆಂದು ಅವನಿಗೆ ಯಾರೂ ರೊಟ್ಟಿಗೆ ಶೇಂಗಾ ಹಿಂಡಿ ಕೊಡದೆ ಕಾಡಿದರು, ಅರ್ಧ ದಾರಿಯಲ್ಲಿ ಮನಸ್ಸು ಕರಗಿ ಕೊಟ್ಟರು.

ಗಿರಣಿಯ ಬಯಲೆಂದರೆ ಎರೆಭೂಮಿ. ಮಾಗಿ ಕಳೆದ ಬಿಸಿಲಿಗೆ ಕೈ ಹೋಗುವಷ್ಟು ಬಿರುಕು ಬಿಟ್ಟಿತ್ತು. ಹಿಂದಿನ ದಿನ ಹತ್ತಿ ತಂದು ಕೊಳ್ಳಹರಿದು, ಎತ್ತು ಬಿಚ್ಚಿ ನಿಲ್ಲಿಸಿದ್ದ ಬಂಡಿಗಳ ಮೇಲೆ ನೋಡುವ ಜನ. ಆಚೆಗೆರಡು ಈಚೆಗೆರಡು ಬಂಡಿ ಎಳೆದು ನಿಲ್ಲಿಸಿದ್ದರು, ನಡುವಿನ ಜಾಗವೇ ಗೋಲು. ಪಂಚನಾಗಿ ನಿಂತವರು ಸಾಲಿ ಮಾಸ್ತರು, ಧಾರವಾಡದಲ್ಲಿ ಟ್ರೇನಿಂಗ್ ಕಲಿಯುವಾಗ ಈ ಆಟ ಆಡಿದವರು. ಅವರ ಕೊರಳಲ್ಲಿ ಪೊಲೀಸರಿಂದ ಬೇಡಿ ತಂದ ಶಿಳ್ಳೆ.

ಸಂಗೊಳ್ಳಿಯ ಬೀರಪ್ಪ, ಕುರಿ ಕಾಯುವವನು, ಚೆಂಡನ್ನು ಎತ್ತಿ ಮೂಸಿ ನೋಡಿದ. "ಇದು ಯಾವುದರ ತೊಗಲ್ರಿ ಮಾಸ್ತರ?"

"ದನದ್ದು ಇರಬೇಕು."

"ನೋಡ್ರಿಪಾ, ಎತ್ತಿಗೆ ಅಮಾಸಿ ಸೂಟಿ ಐತಿ. ಅದರ ತೊಗಲಿಗೆ ಸೂಟಿ ಇಲ್ಲ" ಅಂದು ಕಣ್ಣಿಗೊತ್ತಿಕೊಂಡು ಕೆಳಗಿಟ್ಟ. ಉಳಿದವರೂ ಒಬ್ಬೊಬ್ಬರಾಗಿ ಮುಟ್ಟಿ ಕಣ್ಣಿಗೊತ್ತಿಕೊಂಡರು. ಗಿರಣಿಯವರು ಕೆಂಪು ಅಂಗಿ ತೊಟ್ಟು ಸಾಲುಗಟ್ಟಿ ಕಾದರು. ಅವರ ನಡುವೆ ದುಂಡಪ್ಪನ ಮೈಮೇಲೂ ಯಾರದೋ ಕೆಂಪಂಗಿ, ಹೆಗಲಿಗೆ ಬಿಗಿ.

ಶಿಳ್ಳೆಯಾಯಿತು. ಆಮೇಲೆ ಆದದ್ದನ್ನು ಬೈಲಹೊಂಗಲದ ಸಂತೆಯಲ್ಲಿ ಜನ ಬಹಳ ದಿನ ಹೇಳಿಕೊಂಡು ನಕ್ಕರು.

ಸಂಗೊಳ್ಳಿಯವರಿಗೆ ಗೊತ್ತಿದ್ದ ಆಟವೆಂದರೆ ಹುತುತು ಒಂದೇ. ಅದರಲ್ಲಿ ಎದುರಿನವನು ಒಂದೇ ಉಸಿರಿನಲ್ಲಿ ಹುತುತುತು ಎನ್ನುತ್ತ ಗೆರೆ ದಾಟಿ ಬರುತ್ತಾನೆ, ಯಾರನ್ನಾದರೂ ಮುಟ್ಟಿ ಉಸಿರು ಒಡೆಯದೆ ತನ್ನ ಗೆರೆಗೆ ಮರಳುತ್ತಾನೆ. ಮುಟ್ಟಿಸಿಕೊಂಡವನು ಸತ್ತ ಹಾಗೆ, ಎದ್ದು ಹೊರಗೆ ಹೋಗಿ ಕೂಡಬೇಕು. ಬೇರೆ ಊರುಗಳಲ್ಲಿ ಇದಕ್ಕೆ ಪಂಚರಿರುತ್ತಾರೆ. ಸಂಗೊಳ್ಳಿಯಲ್ಲಿ ಇರಲಿಲ್ಲ. ಸತ್ತವನು ತಾನೇ ಏಳುತ್ತಿದ್ದ, ಉಸಿರು ಒಡೆದವನು ತಾನೇ ಹೇಳುತ್ತಿದ್ದ. ಹೇಳದವನ ಮನೆಗೆ ಹೆಣ್ಣು ಕೊಡಲೂ ಹಿಂದೆಮುಂದೆ ನೋಡುತ್ತಿದ್ದರು. ನಿಜಗುಣಪ್ಪನ ಉಸಿರಿನ ಬಗ್ಗೆ ಇಪ್ಪತ್ತು ವರ್ಷದಲ್ಲಿ ಯಾರೂ ಒಂದು ಮಾತು ಆಡಿದ್ದಿಲ್ಲ.

ಆಟ ಸುರುವಾದ ಸ್ವಲ್ಪ ಹೊತ್ತಿಗೆ ಕೆಂಪಂಗಿಯವನೊಬ್ಬ ಓಡುತ್ತ ಬೀರಪ್ಪನಿಗೆ ಮೈ ತಾಕಿಸಿದ. ಬೀರಪ್ಪ ನಿಂತ. ಮುಖ ಸಣ್ಣ ಮಾಡಿಕೊಂಡು ಬಂಡಿಯ ನೆರಳಿಗೆ ಹೋಗಿ ಕುಳಿತ. ಆಮೇಲೆ ಇನ್ನೊಬ್ಬ, ಮತ್ತೊಬ್ಬ. ಮಾಸ್ತರು ಶಿಳ್ಳೆ ಊದಿ ಓಡಿ ಬರುವಷ್ಟರಲ್ಲಿ ಅರ್ಧ ತಂಡ ನೆರಳಲ್ಲಿತ್ತು.

"ಬೀರಪ್ಪಾ, ಯಾಕ ಕುಂತೀಯೋ?"

"ಸತ್ತೇನ್ರಿ."

"ಯಾರು ಕೊಂದರು?"

"ಆ ಕೆಂಪಂಗೀಯಂವ ಮುಟ್ಟಿದ್ರಿ."

"ಈ ಆಟದಾಗ ಮುಟ್ಟಿದರ ಸಾಯೂದಿಲ್ಲೋ ಮಾರಾಯಾ."

"ಮತ್ತ ಹ್ಯಾಂಗ ಸಾಯೂದ್ರಿ?"

"ಯಾರೂ ಸಾಯೂದಿಲ್ಲ. ಎದ್ದು ಆಡ್ರಿ."

ಬೀರಪ್ಪ ಎದ್ದು ಮೈ ಕೊಡವಿಕೊಂಡ. "ಸಾವ ಇಲ್ಲದ ಆಟ. ಇದು ಮುಗಿಯೂದರ ಹ್ಯಾಂಗ" ಎಂದು ಗೊಣಗುತ್ತ ಒಳಗೆ ಬಂದ. ಬಂಡಿಯ ಮೇಲಿನ ಜನ ಹೊಟ್ಟೆ ಹಿಡಿದುಕೊಂಡರು. ದುಂಡಪ್ಪನೂ ನಕ್ಕ, ತಾನು ಈ ಹಳ್ಳಿಯವನಲ್ಲ ಎಂಬಂತೆ.

ಗೋಲಿನಲ್ಲಿ ನಿಂತ ನಿಜಗುಣಪ್ಪನಿಗೆ ನಗು ಬರಲಿಲ್ಲ. ಮಗ ಓಡುವುದನ್ನು ಅವನು ನೋಡುತ್ತಿದ್ದ. ಉಳಿದವರು ಚೆಂಡಿನ ಬೆನ್ನು ಹತ್ತಿದ್ದರೆ ಚೆಂಡು ದುಂಡಪ್ಪನ ಬೆನ್ನು ಹತ್ತಿತ್ತು. ಬಿರುಕಿನ ಮೇಲೆ ಪುಟಿದು ಎಲ್ಲರಿಗೂ ಕೈಕೊಡುವ ಚೆಂಡು ಅವನ ಕಾಲಿಗೆ ಬಂದು ಸಾಕಿದ ನಾಯಿಯಾಗುತ್ತಿತ್ತು. ಒಮ್ಮೆ ನೆಟ್ಟಗೆ ಬಂದವನೇ ಅಪ್ಪನ ಬಲಕ್ಕೆ ನೋಡಿ ಎಡಕ್ಕೆ ಒದ್ದ. ಬಂಡಿಗಳ ನಡುವೆ ಹಾದು ಚೆಂಡು ಹತ್ತಿಯ ಒಟ್ಟಿಲಿನಲ್ಲಿ ಹುಗಿದುಹೋಯಿತು. ಅದನ್ನು ಹುಡುಕಿ ತೆಗೆಯಲೇ ಒಂದು ಚಿಲುಮೆ ಸೇದುವಷ್ಟು ಹೊತ್ತು ಹಿಡಿಯಿತು. ಮ್ಯಾನೇಜರ ಕುರ್ಚಿ ಬಿಟ್ಟೆದ್ದು ಚಪ್ಪಾಳೆ ತಟ್ಟಿದ.

ಸಂಗೊಳ್ಳಿಯ ಗೋಲು ಆದದ್ದು ಬಸವಣ್ಣನ ದಯೆಯಿಂದ. ಬೀರಪ್ಪ ಎದುರು ಗೋಲಿನ ಮುಂದೆ ಬಗ್ಗಿ, ಬಿಚ್ಚಿಬಿದ್ದ ರುಮಾಲು ಸುತ್ತಿಕೊಳ್ಳುತ್ತಿದ್ದ. ಯಾರೋ ಒದ್ದ ಚೆಂಡು ಅವನ ಬೆನ್ನಿಗೆ ಬಡಿದು ಒಳಗೆ ಹೋಯಿತು. "ಯಾವನಲೇ ಹೊಡದಾಂವ" ಎಂದು ಅವನು ತಿರುಗಿದರೆ ಊರವರೆಲ್ಲ ಅವನನ್ನು ಹೆಗಲ ಮೇಲೆತ್ತಿದ್ದರು.

ಸರಿಸಮ. ಹೊತ್ತು ಇಳಿಯುತ್ತ ಬಂತು. ಮಾಸ್ತರು ಕಿಸೆಯ ಗಡಿಯಾರ ತೆಗೆದು ನೋಡಿ, ಇನ್ನು ಸ್ವಲ್ಪವೇ ಎಂದು ಕೈ ಸನ್ನೆ ಮಾಡಿದರು. ಹೀಗೇ ಮುಗಿದರೆ ಗಿರಣಿ ಗೆದ್ದಂತಲ್ಲ. ನಿಜಗುಣಪ್ಪ ಮನಸ್ಸಿನಲ್ಲೇ ಸೋಮವ್ವನನ್ನು ನೆನೆದ.

ಆಗ ದುಂಡಪ್ಪನಿಗೆ ಚೆಂಡು ಸಿಕ್ಕಿತು. ನಡುವೆ ಯಾರೂ ಇರಲಿಲ್ಲ. ಬೀರಪ್ಪ ಎಲ್ಲೋ ಬಿರುಕಿನಲ್ಲಿ ಕಾಲು ಸಿಕ್ಕಿಸಿಕೊಂಡು ಬೈಯುತ್ತಿದ್ದ. ಕೆಂಪಂಗಿ, ಚೆಂಡು, ಹಿಂದೆ ಎದ್ದ ಧೂಳು, ಮೂರೂ ತನ್ನ ಕಡೆಗೇ ಬರುವುದು ನಿಜಗುಣಪ್ಪನಿಗೆ ಕಂಡಿತು. ಮಗನ ಮುಖದಲ್ಲಿ ಎಂತಹ ಸಂತೋಷವಿತ್ತೆಂದರೆ, ಹೊಲದಲ್ಲಿ ಒಂದು ದಿನವೂ ಅದನ್ನು ಕಂಡದ್ದಿರಲಿಲ್ಲ.

ತಾನು ಏನು ಮಾಡುತ್ತೇನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೋಲು ಬಿಟ್ಟು ಮುಂದೆ ಓಡಿದ. ಸೊಂಟ ಬಗ್ಗಿಸಿ, ಕೈ ಚಾಚಿ, ಮಗನಿಗಷ್ಟೇ ಕೇಳುವ ದನಿಯಲ್ಲಿ, "ಹುತುತುತುತುತು..."

ತೊಡೆ ಮುಟ್ಟಿದ. ತಿರುಗಿ ತನ್ನ ಗೆರೆಗೆ ಓಡಿದ.

ದುಂಡಪ್ಪ ನಿಂತುಬಿಟ್ಟ. ತೋಳಿನಷ್ಟು ಎತ್ತರವಿದ್ದಾಗಿನಿಂದ ಅಪ್ಪನ ಕೈಯಲ್ಲಿ ಅವನು ಅದೆಷ್ಟು ಸಲ ಸತ್ತಿದ್ದನೋ. ಚೆಂಡನ್ನು ಅಲ್ಲೇ ಬಿಟ್ಟು ತಲೆ ತಗ್ಗಿಸಿ ನೆರಳಿನ ಕಡೆ ಹೊರಟ. ನಾಲ್ಕು ಹೆಜ್ಜೆ ಹೋದ ಮೇಲೆ ಇದು ಹುತುತು ಅಲ್ಲವೆಂದು ಅವನಿಗೆ ನೆನಪಾಯಿತು, ತಿರುಗಿದ. ಅಷ್ಟರಲ್ಲಿ ನಿಜಗುಣಪ್ಪ ಬಂದು ಚೆಂಡನ್ನು ಬಂಡಿಗಳಾಚೆ ಒದ್ದಿದ್ದ.

ಬಯಲಿಗೆ ಬಯಲೇ ನಕ್ಕಿತು. ಗಿರಣಿಯವರು ಮಾತ್ರ ಮಾಸ್ತರನ್ನು ಸುತ್ತುಗಟ್ಟಿದರು, ಇದು ಮೋಸ ಅಂದರು. ಮಾಸ್ತರು ನಿಜಗುಣಪ್ಪನ ಹತ್ತಿರ ಬಂದರು. ಅವನ ಬಗ್ಗೆ ಅವರಿಗೆ ಗೌರವವಿತ್ತು.

"ನಿಜಗುಣಪ್ಪಾ, ಹುಡುಗ ಯಾಕ ನಿಂತ? ನೀ ಏನರೆ ಹುತುತು ಅಂದೇನು? ಅಂದಿದ್ದರ ಅದು ಸೊಲ್ಲಿನ ಮೋಸ ಆಕ್ಕೇತಿ, ಅವಗ ಇಲ್ಲಿಂದ ಮತ್ತೊಮ್ಮೆ ಒದೀಲಿಕ್ಕೆ ಕೊಡಬೇಕಾಗತದ. ನೀ ಹೇಳಿದ್ದ ಖರೆ ಅಂತ ನಾ ತಿಳಕೋತೇನಿ."

ಬೀರಪ್ಪ ಅಲ್ಲೇ ಇದ್ದ. ಊರ ಹುಡುಗರೆಲ್ಲ ಇದ್ದರು. ಕೇಳದಿದ್ದರೂ ಅವರಿಗೆಲ್ಲ ಗೊತ್ತಿತ್ತು, ಆ ಬಗ್ಗಿದ ಸೊಂಟ ಅವರು ಕಾಣದ್ದೇನಲ್ಲ.

"ನಾ ಏನೂ ಅಂದಿಲ್ರಿ" ಅಂದ ನಿಜಗುಣಪ್ಪ. "ದಮ್ಮು ಹತ್ತಿತ್ತು. ಉಸರ ಬಿಟ್ಟೆ."

ಮಾಸ್ತರು ದುಂಡಪ್ಪನ ಕಡೆ ತಿರುಗಿದರು. "ನೀ ಹೇಳಪಾ. ನಿಮ್ಮಪ್ಪ ಏನರೆ ಅಂದನೇನು?"

ಹೌದು ಅಂದರೆ ಸಾಕಿತ್ತು. ಚೆಂಡು ಅವನ ಕಾಲಿಗೆ ಬರುತ್ತಿತ್ತು, ಇಂಜಿನ್ ಖೋಲಿಯ ಬಾಗಿಲು ತೆರೆಯುತ್ತಿತ್ತು. ದುಂಡಪ್ಪ ಅಪ್ಪನ ಮುಖ ನೋಡಿದ. ನಿಜಗುಣಪ್ಪ ನೆಲ ನೋಡಿದ. ಹತ್ತು ಮಂದಿಯ ಮುಂದೆ ಹೆತ್ತವನನ್ನು ಸುಳ್ಳ ಅನ್ನುವುದು ಹೇಗೆಂದು ಆ ಹುಡುಗನಿಗೆ ಯಾರೂ ಕಲಿಸಿರಲಿಲ್ಲ.

"ಇಲ್ರಿ" ಅಂದ. "ನಾನ ಮರತೆ."

ಮಾಸ್ತರು ಆಟ ಮುಗಿಯಿತೆಂದು ಶಿಳ್ಳೆ ಊದಿದರು.

ಮ್ಯಾನೇಜರ ಸಿಟ್ಟಾಗಲಿಲ್ಲ. ಕೆಂಪಂಗಿ ಕಳಚಿ ಮಡಚಿ ಕೊಟ್ಟ ದುಂಡಪ್ಪನ ಬೆನ್ನು ತಟ್ಟಿ, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಅಂದ: "ಪೋರಾ, ಓಡಾಕ ನೀ ಛಲೋ ಇದ್ದಿ. ಖರೆ, ಎಲ್ಲಿ ನಿಂತೇನಿ ಅಂಬೂದು ಮರಿಯಂವನ್ನ ನಾ ಮಶೀನ ಹಂತೇಕ ಹ್ಯಾಂಗ ನಿಂದರಸಲಿ? ಕೈ ಹೋದೀತು." ಆ ಮಾತಿನಲ್ಲಿ ತಪ್ಪೇನಿರಲಿಲ್ಲ. ದುಂಡಪ್ಪ ತಲೆ ಆಡಿಸಿದ.

ಸಂಗೊಳ್ಳಿಯವರು ಸೋಲದೆ ಮರಳುತ್ತಿದ್ದರು. ಬರುವಾಗ ಇದ್ದ ಗದ್ದಲ ಹೋಗುವಾಗ ಇರಲಿಲ್ಲ. ದುಂಡಪ್ಪ ಎಲ್ಲರಿಗಿಂತ ಮುಂದೆ ಒಬ್ಬನೇ ನಡೆಯುತ್ತಿದ್ದ. ಅರ್ಧ ದಾರಿಯಲ್ಲಿ ಬೀರಪ್ಪ ನಿಜಗುಣಪ್ಪನ ಪಕ್ಕಕ್ಕೆ ಬಂದ.

"ನಿಜಗುಣಾ, ನಿನ್ನ ಉಸರ ಇನ್ನೂ ಗಟ್ಟಿ ಐತಿ ಬಿಡು" ಅಂದ. ಅವನ ಮುಖದಲ್ಲಿ ನಗುವಿರಲಿಲ್ಲ.

ಸೋಮವ್ವಗೋಸ್ಕರ ಎಂದು ನಿಜಗುಣಪ್ಪ ಹೇಳಬಹುದಿತ್ತು, ಕೇಳಿದರೆ ಊರೇ ಒಪ್ಪುತ್ತಿತ್ತು. ಆದರೆ ಮಗನ ಮುಖದಲ್ಲಿ ಕಂಡಿದ್ದ ಆ ಸಂತೋಷವನ್ನು ಸೋಮವ್ವ ಕಂಡಿದ್ದರೆ ಆಗಲೂ ಅದೇ ಮಾತು ಕೇಳುತ್ತಿದ್ದಳೋ ಇಲ್ಲವೋ, ಅದು ಅವನಿಗೆ ತಿಳಿಯಲಿಲ್ಲ. ಕೇಳಲು ಅವಳಿರಲಿಲ್ಲ.

ಮನೆಯಲ್ಲಿ ಯಲ್ಲವ್ವ ಬಿಸಿನೀರು ಕಾಯಿಸಿ ಇಟ್ಟಿದ್ದಳು. ಇಬ್ಬರೂ ಕಾಲು ತೊಳೆದು ಉಂಡರು. "ಏನಾತೋ, ಯಾರು ಗೆದ್ದರು?" ಎಂದು ಅವಳು ಕೇಳಿದಳು.

"ಯಾರೂ ಗೆದ್ದಿಲ್ಲ ಅತ್ತಿ" ಅಂದ ದುಂಡಪ್ಪ, ತಾಟು ಎತ್ತಿಕೊಂಡು ಎದ್ದ.

ಮರುದಿನ ಸೋಮವಾರ, ಎತ್ತು ಹೂಡುವಂತಿಲ್ಲ. ಮಂಗಳವಾರ ಬೆಳಗಾಗುವ ಮೊದಲೇ ದುಂಡಪ್ಪ ಎತ್ತು ಬಿಚ್ಚಿಕೊಂಡು ಜೋಳದ ಕಣಕ್ಕೆ ಹೋಗಿದ್ದ. ಅಪ್ಪ ಬರುವ ಹೊತ್ತಿಗೆ ಹಂತಿ ಹೂಡಿ ತೆನೆ ತುಳಿಸುತ್ತಿದ್ದ. ಕೆಲಸದಲ್ಲಿ ಒಂದು ಕೊರೆ ಇರಲಿಲ್ಲ. ಎತ್ತು, ಮೇವು, ಬೀಜ, ಅಷ್ಟರ ಮಾತು ಬಿಟ್ಟರೆ ಅಪ್ಪನ ಜೊತೆ ಬೇರೆ ಮಾತಿರಲಿಲ್ಲ. ಸಂಜೆ ಹುತುತುವಿಗೆ ಯಾರೂ ನಿಜಗುಣಪ್ಪನನ್ನು ಕರೆಯಲಿಲ್ಲ, ಅವನೂ ಹೋಗಲಿಲ್ಲ.

ದುಂಡಪ್ಪ ಆ ವರ್ಷ ಗಿರಣಿ ಕೆಲಸಕ್ಕೆ ಹೋಗಲಿಲ್ಲ, ಮುಂದೆಯೂ ಹೋಗಲಿಲ್ಲ. ಸೋಮವ್ವನಿಗೆ ಕೊಟ್ಟ ಮಾತನ್ನು ನಿಜಗುಣಪ್ಪ ನಡೆಸಿದ.