ಅಂದಾನಿಯ ಕೋಣೆಯಲ್ಲಿ ಕೋಳಿಗಳು

ನಮ್ಮ ಮಾವನವರು ಕೋಳಿ ಸಾಕಬೇಕೆಂದು ತೀರ್ಮಾನ ಮಾಡಿದ ದಿನ ಟೇಪು ಹಿಡಿದು ಮೊದಲು ಅಳೆದದ್ದು ಅಂದಾನಿಯ ಕೋಣೆಯನ್ನು. ಹತ್ತಡಿ ಉದ್ದ, ಎಂಟಡಿ ಅಗಲ. ಟೇಪಿನ ಇನ್ನೊಂದು ತುದಿಯನ್ನು ಅಂದಾನಿಯೇ ಹಿಡಿದುಕೊಂಡಿದ್ದ. ಯಾತಕ್ಕೆ ಅಳೆಯುತ್ತಿದ್ದೀರಿ ಎಂದು ಅವನು ಕೇಳಲಿಲ್ಲ, ಇವರು ಹೇಳಲಿಲ್ಲ.

ತಮಿಳು ಸೀಮೆಯ ಪೆರಂಬೂರಿನಲ್ಲಿ ರೈಲ್ವೆ ವರ್ಕ್‌ಶಾಪಿನ ಗೋಡೆಗೆ ಹತ್ತಿರದ ಬೀದಿಯಲ್ಲಿ ನಮ್ಮದು ಎರಡಂತಸ್ತಿನ ಮನೆ. ಮಾವ ಗುರುಬಸಪ್ಪನವರ ತಂದೆಯ ಕಾಲಕ್ಕೇ ತುಮಕೂರಿನ ಕಡೆಯಿಂದ ಬಂದು ಹಾರ್ಡ್‌ವೇರ್ ಅಂಗಡಿ ಇಟ್ಟ ಕುಟುಂಬ. ಅಂಗಡಿ ಈಗ ನನ್ನ ಗಂಡ ಸಿದ್ಧಲಿಂಗೇಶನ ಕೈಯಲ್ಲಿದೆ. ಮಾವನ ಕೈಯಲ್ಲಿರುವುದು ಹೊತ್ತು ಒಂದೇ. ತಾರಸಿಯ ಮೇಲೆ ನೀರಿನ ಟ್ಯಾಂಕು, ಬಟ್ಟೆ ಒಣಹಾಕುವ ತಂತಿ, ಡ್ರಮ್ಮಿನಲ್ಲಿ ಬೆಳೆದ ಕರಿಬೇವು, ಮತ್ತು ಸಿಮೆಂಟ್ ಶೀಟು ಹೊದಿಸಿದ ಆ ಕೋಣೆ. ಅದರಲ್ಲಿ ಅಂದಾನಿ ಮತ್ತು ಅವನ ಹೆಂಡತಿ ಹನ್ನೊಂದು ವರ್ಷದಿಂದ ಇದ್ದರು. ಚಾಮರಾಜನಗರದ ಕಡೆಯವರು. ಹೆಂಡತಿಯ ಹೆಸರು ಚಿಕ್ಕಮ್ಮ, ಮೂವತ್ತು ದಾಟಿರಲಿಲ್ಲ. ಅವನು ಅಂಗಡಿಯ ಮೂಟೆ ಹೊರುತ್ತಿದ್ದ, ಅವಳು ನಮ್ಮ ಪಾತ್ರೆ ತೊಳೆಯುತ್ತಿದ್ದಳು. ಆ ಕೋಣೆ ಹೋದರೆ ಈ ಊರಿನಲ್ಲಿ ಅವರಿಗೆ ಮಲಗಲು ಬೇರೆ ಜಾಗವಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಗೊತ್ತಿರಲಿಲ್ಲ ಎನ್ನುವ ಆಸೆ ಬರಬಾರದು.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಆ ಕೋಣೆಯ ಮೇಲೆ ನನಗೂ ಕಣ್ಣಿತ್ತು. ನಾನು ರವಿಕೆಗಳಿಗೆ ಆರಿ ಕಸೂತಿ ಹಾಕಿಕೊಡುತ್ತೇನೆ. ಅದಕ್ಕೆ ಮಂಚದಷ್ಟು ದೊಡ್ಡ ಮರದ ಚೌಕಟ್ಟು ಬೇಕು. ಅದನ್ನು ಹಾಲಿನಲ್ಲಿ ಹರಡಿದರೆ ಸಾಕು, ಮಾವ "ಜ್ಯೋತಿ, ಯಾರಾದ್ರೂ ಬಂದ್ರೆ ಏನಂದ್ಕೋತಾರೆ, ಎತ್ತಮ್ಮ" ಎನ್ನುತ್ತಿದ್ದರು. ದಿನಕ್ಕೆ ನಾಲ್ಕು ಸಲ ಹಾಕಿ ನಾಲ್ಕು ಸಲ ಎತ್ತಿ ನನ್ನ ಸೊಂಟ ಬಿದ್ದುಹೋಗುತ್ತಿತ್ತು. ಒಮ್ಮೆ ಅವರೇ "ಮೇಲಿನ ರೂಮ್ ಖಾಲಿ ಆದ್ರೆ ನೋಡೋಣ" ಎಂದಿದ್ದರು. ಆ ಮಾತನ್ನು ಅವರು ಮರೆತರು, ನಾನು ಮರೆಯಲಿಲ್ಲ.

ಏನಾದರೂ ಹವ್ಯಾಸ ಇಟ್ಟುಕೊಳ್ಳಿ ಎಂದು ಡಾಕ್ಟರು ಹೇಳಿದ್ದೇ ಕೋಳಿಗೆ ಕಾರಣ. ಮಾವ ಮೊಬೈಲಿನಲ್ಲಿ ಬ್ಯಾಂಟಮ್ ಕೋಳಿ ನೋಡಿದರು. ಪಾರಿವಾಳಕ್ಕಿಂತ ಸ್ವಲ್ಪ ದೊಡ್ಡದು, ಪಾದದ ಮೇಲೂ ಪುಕ್ಕ, ಪುಟ್ಟ ಜಾಗದಲ್ಲಿ ಬಾಳುತ್ತದೆ. ಪಲ್ಲಾವರದ ಶುಕ್ರವಾರದ ಸಂತೆಗೆ ಹೋಗಿ ಆರು ಮರಿ ತಂದರು. ಆರೂ ಹೇಂಟೆ ಎಂದು ಮಾರುವವನು ಹೇಳಿದನಂತೆ, ಇವರು ನಂಬಿದರಂತೆ. ಅಷ್ಟು ಸಣ್ಣ ಮರಿಯಲ್ಲಿ ಹುಂಜ ಯಾವುದು ಹೇಂಟೆ ಯಾವುದು ಎಂದು ಹೇಳಲಾಗದು ಎಂಬುದು ಕೋಳಿ ಸಾಕಿದ ಮನೆಯಲ್ಲಿ ಮಗುವಿಗೂ ಗೊತ್ತು. ಈರುಳ್ಳಿ ಹೆಚ್ಚಿದ ಚಾಕುವನ್ನೇ ಎರಡು ಸಲ ತೊಳೆಯುವ ನಮ್ಮ ಮನೆಯಲ್ಲಿ ಅದು ಯಾರಿಗೆ ಗೊತ್ತಿರಬೇಕು?

ಬಿಸಿಲಿನಲ್ಲಿಟ್ಟರೆ ಮರಿ ಸಾಯುತ್ತವೆ ಎಂದು ಮಾವ ಆ ಕೋಣೆಯ ನಡುವೆ ಜಾಲರಿ ಹಾಕಿಸಿದರು. ಹಾಕಿದವನು ಅಂದಾನಿಯೇ. ಕಿಟಕಿಯ ಕಡೆ ಕೋಳಿಗಳಿಗೆ, ಬಾಗಿಲಿನ ಕಡೆ ಮನುಷ್ಯರಿಗೆ. ಫ್ಯಾನು ಕೋಳಿಗಳ ಪಾಲಿಗೆ ಬಂತು. ಜೊತೆಗೆ ಗಂಡಹೆಂಡತಿ ಇಬ್ಬರನ್ನೂ ದೇವರಮನೆಯ ಮುಂದೆ ನಿಲ್ಲಿಸಿ, ಈ ಮನೆಯಲ್ಲಿ ಇರುವಷ್ಟು ದಿನ ಕೋಳಿಯನ್ನಾಗಲಿ ಮೊಟ್ಟೆಯನ್ನಾಗಲಿ ಬಾಯಿಗೆ ಇಡುವುದಿಲ್ಲ ಎಂದು ಆಣೆ ಮಾಡಿಸಿದರು. "ನನ್ನ ಹತ್ರ ಒಂದು ಜೀವಾನೂ ಸಾಯಬಾರ್ದು ಪಾ" ಎಂದರು. ಆಗ ಅವರ ಮುಖದಲ್ಲಿ ಬಹಳ ಶಾಂತಿ ಇತ್ತು.

ನಾಲ್ಕು ತಿಂಗಳು ಕಳೆಯುವ ಹೊತ್ತಿಗೆ ಆರರಲ್ಲಿ ನಾಲ್ಕು ಕೂಗತೊಡಗಿದವು. ಅಂಗೈಯಗಲದ ಪ್ರಾಣಿ, ಅದರ ಕೂಗು ಮಾತ್ರ ವರ್ಕ್‌ಶಾಪಿನ ಸೈರನ್ನಿಗೆ ಎದುರು ನಿಲ್ಲುವಂಥದ್ದು. ಅಂದಾನಿ ಕೆಳಗೆ ಬಂದು ಕೈಕಟ್ಟಿ ನಿಂತ.

"ಬುದ್ಧಿ, ನಾಕೂ ಹುಂಜಗೊ. ಎಲ್ಡು ಹೇಂಟೆಗೆ ನಾಕು ಹುಂಜ ಅಂದ್ರೆ ಕಚ್ಚಾಡಿ ಸಾಯ್ತವೆ. ಒಂದ ಮಡಿಕಂಡು ಮೂರ ಯಾರ್ಗಾರ ಕೊಟ್ಬುಡಿ."

"ಯಾರಿಗೆ? ತಗೊಂಡೋರು ಪೂಜೆ ಮಾಡ್ತಾರಾ, ತಿಂತಾರೆ. ಆ ಪಾಪ ನನಗೆ ಬೇಡ."

"ಅಂಗಾರೆ ಬ್ಯಾರೆ ಗೂಡಾದ್ರೂ ಮಾಡ್ಸಿ."

"ಜಾಗ ಎಲ್ಲಿದೆ ಪಾ? ಇರೋ ಅರ್ಧ ರೂಮು ನಿನಗೆ ಕೊಟ್ಟಿದೀನಲ್ಲ" ಎಂದು ಮಾವ ನಕ್ಕರು. ಅಂದಾನಿ ಮೇಲೆ ಹೋದ.

ಆಮೇಲೆ ಎರಡು ಹೇಂಟೆಗಳೂ ಮೊಟ್ಟೆಯಿಡಲು ಶುರುಮಾಡಿದವು. ಆ ದಿನಗಳಲ್ಲೇ ಚಿಕ್ಕಮ್ಮ ನಮ್ಮ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾ ತಲೆಸುತ್ತಿ ಬಿದ್ದಳು. ರಕ್ತ ಇಲ್ಲ, ದಿನಕ್ಕೊಂದು ಮೊಟ್ಟೆ ಕೊಡಿ ಎಂದು ಸರ್ಕಾರಿ ಆಸ್ಪತ್ರೆಯಲ್ಲಿ ಹೇಳಿ ಕಳಿಸಿದರು. ಅಂದಾನಿ ಮತ್ತೆ ಬಂದು ಕೈಕಟ್ಟಿದ. ಮಾವ ವಿಭೂತಿ ಹಚ್ಚಿಕೊಳ್ಳುತ್ತಿದ್ದವರು ಕನ್ನಡಿಯಿಂದ ಕಣ್ಣು ತೆಗೆಯದೆ, ಮೊಳಕೆಕಾಳಿನಲ್ಲೂ ಅಷ್ಟೇ ಶಕ್ತಿ ಇದೆ ಎಂದರು. ಆಣೆ ಆಣೆಯೇ ಎಂದರು. ಮೊಟ್ಟೆಗಳನ್ನು ಕರಿಬೇವಿನ ಡ್ರಮ್ಮಿನಲ್ಲಿ ಹೂಳಬೇಕೆಂದು ಆಯಿತು. ಹೂಳುವ ಕೆಲಸ ಚಿಕ್ಕಮ್ಮನದು. ಬೆಳಗ್ಗೆ ಬಟ್ಟೆ ಒಣಹಾಕಲು ಹೋದಾಗ ನಾನೇ ನೋಡಿದ್ದೇನೆ, ಅವಳು ಇನ್ನೂ ಬೆಚ್ಚಗಿರುವ ಮೊಟ್ಟೆಯನ್ನು ಕೈಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು, ಆಮೇಲೆ ಮಣ್ಣಿಗೆ ಒಡೆದು ಮುಚ್ಚುತ್ತಿದ್ದಳು. ಆ ವರ್ಷ ಕರಿಬೇವು ಯಾವತ್ತೂ ಇಲ್ಲದ ಹಾಗೆ ಚಿಗುರಿತು. ನಮ್ಮ ಸಾರಿಗೆ ನಾನು ಅದನ್ನೇ ಹಾಕುತ್ತಿದ್ದೆ, ಮಾವ ಘಮಘಮ ಎಂದು ಹೊಗಳುತ್ತಿದ್ದರು.

ಅಂದಾನಿ ಹೇಳಿದ್ದು ಒಂದೊಂದಾಗಿ ನಿಜವಾಯಿತು. ಹುಂಜಗಳು ಹತ್ತಿ ಹತ್ತಿ ಹೇಂಟೆಗಳ ಬೆನ್ನು ಬೋಳಾಯಿತು. ಒಂದು ಹುಂಜದ ಕಣ್ಣು ಹೋಯಿತು, ಇನ್ನೊಂದರ ಜುಟ್ಟು ಹರಿದು ಜೋತಾಡಿತು. ಚಿಕ್ಕಮ್ಮ ಅರಿಶಿನ ಮೆತ್ತುತ್ತಲೇ ಇದ್ದಳು. ಪಕ್ಕದ ತಾರಸಿಯ ಜಾನಕಮ್ಮ, ಬೆಳಗ್ಗೆ ನಾಲ್ಕಕ್ಕೇ ಎಬ್ಬಿಸುತ್ತವೆ, ಇನ್ನೊಂದು ದಿನ ಕೂಗಿದರೆ ಕಾರ್ಪೊರೇಷನ್ನಿಗೆ ಬರೆದು ಕೊಡುತ್ತೇನೆ ಎಂದು ಗೋಡೆಯ ಮೇಲಿಂದಲೇ ಕೂಗಾಡಿದರು.

ಮರುದಿನ ಬೆಳಗ್ಗೆ ಮಾವ ಅಂದಾನಿಯನ್ನು ಅಡುಗೆಮನೆಯ ಬಾಗಿಲಿಗೆ ಕರೆಸಿದರು. ನಾನು ಕಾಫಿ ಸೋಸುತ್ತಿದ್ದೆ.

"ನೀನಂದ ಆ ಮೂರು ಹುಂಜಾನ ಏನಾದರೂ ಮಾಡು. ನಾಳೆ ಇಷ್ಟು ಕೂಗು ಕೇಳಬಾರ್ದು. ನನಗೇನೂ ಗೊತ್ತಾಗೋದೂ ಬೇಡ."

ಅಂದಾನಿ ಆಣೆಯ ಮನುಷ್ಯ, ಸುಮ್ಮನೆ ಹೋಗಲಿಲ್ಲ. "ಕುಯ್ದುಬುಡ್ಲಾ ಬುದ್ಧಿ?" ಎಂದು ಬಿಚ್ಚಿಯೇ ಕೇಳಿದ.

ಮಾವ ಕಣ್ಣು ಮುಚ್ಚಿ ಹೂಂ ಎನ್ನುವಂತೆ ತಲೆಯಾಡಿಸಿದರು. ಒಂದು ಸಲವಲ್ಲ, ಎರಡು ಸಲ. ಅಂದಾನಿ ಅವರನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ನೀವೂ ನೋಡಿದಿರಲ್ಲ ಎಂಬಂಥ ನೋಟ ಅದು. ನಾನೂ ನೋಡಿದ್ದೆ.

ಅವನು ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದ. ತಾರಸಿಯ ಬಚ್ಚಲಲ್ಲಿ ಮೂರನ್ನೂ ಕುಯ್ದು, ಪುಕ್ಕಸಮೇತ ಕರಿಬೇವಿನ ಡ್ರಮ್ಮಿನಲ್ಲಿ ಹೂತು, ನೆಲ ತೊಳೆದ. ಆದರೆ ಜಾನಕಮ್ಮ ಹಪ್ಪಳ ಹರಡಲು ತಾರಸಿಗೆ ಬಂದಿದ್ದರು. ಕೂಗು ನಿಲ್ಲಿಸಿ ಎಂದು ಕುಣಿದಾಡಿದ ಅದೇ ಬಾಯಿ ಈಗ "ಐಯೋ, ಸಾಮಿ ವೀಟ್ಲೆ ಕೊಲೆ!" ಎಂದು, ಸ್ವಾಮಿಗಳ ಮನೆಯಲ್ಲೇ ಕೊಲೆ ಎಂದು ಬೀದಿಗೆಲ್ಲ ಸಾರಿತು. ಅರ್ಧ ಗಂಟೆಯಲ್ಲಿ ನಮ್ಮ ಬಸವ ಸಮಿತಿಯವರೊಬ್ಬರು ಫೋನು ಮಾಡಿ, ಗುರುಬಸಪ್ಪನವರೇ, ನಿಮ್ಮಲ್ಲಿ ಹೀಗಂತೆ, ನಿಜವೇ ಎಂದು ಕೇಳಿದರು. ಮಾವ ಆ ಸಮಿತಿಯ ಅಧ್ಯಕ್ಷರು.

ನಾವೆಲ್ಲ ಮೇಲೆ ಹೋದೆವು. ಮಾವ ನೇರವಾಗಿ ಅವರ ಒಲೆಯ ಹತ್ತಿರ ಹೋಗಿ ಪಾತ್ರೆಗಳ ಮುಚ್ಚಳ ತೆಗೆದು ಮೂಸಿದರು. ಒಂದರಲ್ಲಿ ಹುರುಳಿಸಾರು, ಇನ್ನೊಂದರಲ್ಲಿ ಅನ್ನ. ಬೇರೇನೂ ಇರಲಿಲ್ಲ. ಇಲ್ಲದ್ದು ನೋಡಿ ಅವರ ಕೋಪ ಇನ್ನೂ ಏರಿತು.

"ನನ್ನ ಮನೆಯಲ್ಲಿ ಕತ್ತಿ ಹಿಡಿದೆಯೇನೋ, ಪಾಪಿ!"

"ನೀವೇ ಹೂಂ ಅಂದ್ರಲ್ಲ ಬುದ್ಧಿ" ಎಂದ ಅಂದಾನಿ. ದನಿ ಏರಿಸಲಿಲ್ಲ. "ಕುಯ್ಲಾ ಅಂದೆ, ತಲೆ ಆಡುಸ್ದಿರಿ. ಅಕ್ಕಾವ್ರು ಅಲ್ಲೇ ಇದ್ರು. ಕೇಳಿ ಬೇಕಾರೆ."

ಎಲ್ಲರೂ ನನ್ನ ಕಡೆ ತಿರುಗಿದರು. ಮಾವನ ಕಣ್ಣಿನಲ್ಲಿ ಹೆದರಿಕೆಯನ್ನು ನಾನು ಮೊದಲ ಸಲ ನೋಡಿದೆ. ಚಿಕ್ಕಮ್ಮ ಜಾಲರಿ ಹಿಡಿದು ನಿಂತಿದ್ದಳು. ನನಗೆ ಕಂಡದ್ದು ಅವಳ ಹಿಂದಿನ ಗೋಡೆ. ಹಾಸಿಗೆ ತೆಗೆದರೆ, ಜಾಲರಿ ಬಿಚ್ಚಿದರೆ, ಕಿಟಕಿಯ ಬೆಳಕಿಗೆ ನನ್ನ ಚೌಕಟ್ಟು ಅಲ್ಲಿ ಹೇಗೆ ಕೂರುತ್ತದೆ ಎಂದು ಅಳೆದೆ. ಟೇಪೂ ಬೇಕಾಗಲಿಲ್ಲ.

"ನಾನು ಕಾಫಿ ಸೋಸ್ತಿದ್ದೆ ಮಾವ, ನೋಡ್ಲಿಲ್ಲ" ಎಂದೆ.

ಆಗ ನಾಚಿಕೆಯಾಯಿತು ಎಂದರೆ ಸುಳ್ಳು. ಆವತ್ತು ನನಗೆ ಖುಷಿಯಾಯಿತು. ನಾಚಿಕೆ ಬರಲು ತಿಂಗಳು ಹಿಡಿಯಿತು.

ಸಂಜೆಯೊಳಗೆ ಖಾಲಿ ಮಾಡಬೇಕೆಂದು ಮಾವ ಅಪ್ಪಣೆ ಕೊಟ್ಟರು. ಸಿದ್ಧಲಿಂಗೇಶ "ನಾಳೆ ಹೋಗ್ಲಿ ಬಿಡಿ ಅಪ್ಪ" ಎಂದು ಒಂದು ಮಾತು ಅಂದು, ಅದಕ್ಕೆ ಉತ್ತರ ಬರುವ ಮೊದಲೇ ಅಂಗಡಿಗೆ ಹೊರಟುಹೋದ. ಹನ್ನೊಂದು ವರ್ಷದ ಸಂಸಾರ ಎರಡು ಗೋಣಿಚೀಲಕ್ಕೆ ಹಿಡಿಯಿತು. ಅಂದಾನಿ ಬೀಗದ ಕೈಯನ್ನು ಟ್ಯಾಂಕಿನ ಮೇಲಿಟ್ಟ. ಚಿಕ್ಕಮ್ಮ ಕೋಣೆ ಗುಡಿಸಿ, ಕೋಳಿಗಳಿಗೆ ನೀರು ತುಂಬಿಸಿಟ್ಟು, ನನ್ನ ಪಕ್ಕದಲ್ಲಿ ಹಾದು ಹೋಗುವಾಗ ನಿಂತಳು.

"ಜಾಗ ಆಯ್ತಲ್ಲ ಬುಡಿ ಅಕ್ಕಾವ್ರೆ" ಎಂದಳು.

ಮಾರನೆಯ ದಿನ ನಾನು ಚೌಕಟ್ಟು ಹೊತ್ತು ಮೇಲೆ ಹೋದರೆ ಮಾವ ಆಗಲೇ ಅಲ್ಲಿದ್ದರು. ಜಾಲರಿ ಬಿಚ್ಚಿಸಿದ್ದರು. ಇಡೀ ಕೋಣೆ ಕೋಳಿಗಳದಾಗಿತ್ತು. "ಅವಕ್ಕೆ ಗಾಳಿ ಬೆಳಕು ಬೇಕಮ್ಮ. ಇಷ್ಟು ದಿನ ಪಾಪ, ಇಕ್ಕಟ್ಟಿನಲ್ಲಿದ್ದವು" ಎಂದರು. "ಇನ್ನು ಮೇಲೆ ನೀನೇ ನೋಡ್ಕೋ. ಕೆಲಸದೋರನ್ನ ನಂಬಿ ಆಯ್ತಲ್ಲ." ನಾನು ಚೌಕಟ್ಟನ್ನು ಕೆಳಗೆ ಇಳಿಸಿದೆ. ಅಂದಿನಿಂದ ಬೆಳಗ್ಗೆ ಐದಕ್ಕೆ ಎದ್ದು ಕೋಳಿಯ ಹಿಕ್ಕೆ ಬಳಿಯುವವಳು ನಾನು. ಪಾತ್ರೆ, ಬಟ್ಟೆ, ನೆಲವೂ ನನ್ನವೇ ಆದವು. ಬೆರಳು ಸೆಟೆದುಕೊಂಡು ಕಸೂತಿಯ ಸೂಜಿ ಹಿಡಿಯಲಾಗುತ್ತಿರಲಿಲ್ಲ.

ಉಳಿದದ್ದು ಎರಡು ಹೇಂಟೆ, ಒಂದು ಹುಂಜ. ಕೋಣೆ ಬಿಕೋ ಎನ್ನುತ್ತದೆ ಎಂದು ಮಾವ ಮತ್ತೆ ಸಂತೆಗೆ ಹೋಗಿ ಒಂದು ಬಿಳಿ ಹೇಂಟೆ ತಂದು ಬುಟ್ಟಿಯಿಂದ ನೇರವಾಗಿ ಒಳಗೆ ಬಿಟ್ಟರು. ಹೊಸ ಕೋಳಿಯನ್ನು ಕೆಲವು ದಿನ ಜಾಲರಿಯ ಆಚೆ ಇಟ್ಟು ರೂಢಿ ಮಾಡಬೇಕು. ಅದನ್ನು ಹೇಳುವವನು ಇರಲಿಲ್ಲ, ಜಾಲರಿಯೂ ಇರಲಿಲ್ಲ. ಮೊದಲ ದಿನ ಹಳೆಯ ಹೇಂಟೆಗಳು ಅದಕ್ಕೆ ಕಾಳು ಮುಟ್ಟಗೊಡಲಿಲ್ಲ. ಎರಡನೆಯ ದಿನ ತಲೆಯಲ್ಲಿ ಒಂದು ಹನಿ ರಕ್ತ ಕಂಡಿತು. ರಕ್ತ ಕಂಡ ಕಡೆಗೇ ಮೂರೂ ಕುಕ್ಕಿದವು. ನಾನು ಬೇರೆ ಮಾಡಿ ಬುಟ್ಟಿ ಕವಿಚಿದೆ. ಬೋಳು ಬೆನ್ನಿನ ಒಂದು ಹೇಂಟೆ, ಹುಂಜಗಳ ಕೈಲಿ ಅಷ್ಟೆಲ್ಲ ಪೆಟ್ಟು ತಿಂದದ್ದು, ಅದೇ ಬುಟ್ಟಿಯ ಸಂದಿಯಲ್ಲಿ ಕೊಕ್ಕು ತೂರಿಸಿ ಎಲ್ಲಕ್ಕಿಂತ ಜೋರಾಗಿ ಕುಕ್ಕುತ್ತಿತ್ತು. ಮೂರನೆಯ ದಿನ ನೋಡಿದರೆ ಬುಟ್ಟಿ ಉರುಳಿತ್ತು. ನೆತ್ತಿಯ ಎಲುಬು ಕಾಣುತ್ತಿತ್ತು, ಅದು ಇನ್ನೂ ಬದುಕಿತ್ತು.

ಬಟ್ಟೆಯಲ್ಲಿ ಸುತ್ತಿ ಕೆಳಗೆ ತಂದೆ. ಮಾವ ನೋಡಿ ಮುಖ ತಿರುಗಿಸಿದರು.

"ಅದನ್ನ ಏನಾದರೂ ಮಾಡು ಜ್ಯೋತಿ. ನನಗೆ ಗೊತ್ತಾಗೋದು ಬೇಡ."

ಅವೇ ಮಾತುಗಳು. ಹಿಂದೆಯೇ ನನ್ನ ಗಂಡ ಕಾಫಿ ಲೋಟ ಹಿಡಿದು ನಿಂತಿದ್ದ. ನಾನು ಅವನನ್ನು ನೋಡಿದೆ. ಅವನು ಲೋಟದೊಳಗೆ ನೋಡುತ್ತಿದ್ದ.

ಮೇಲೆ ಹೋಗಿ ಅಂದಾನಿಯ ನಂಬರಿಗೆ ಫೋನು ಮಾಡಿದೆ. ಎತ್ತಿದವಳು ಚಿಕ್ಕಮ್ಮ. ಹಿಂದೆ ಲಾರಿಗಳ ಸದ್ದು, ತಮಿಳಿನ ಕೂಗಾಟ. ಕೋಯಂಬೇಡಿನ ತರಕಾರಿ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಾರೆ, ಅಲ್ಲೇ ಅಂಗಡಿಗಳ ಹಿಂದೆ ಮಲಗುತ್ತಾರೆ ಎಂದು ಯಾರೋ ಹೇಳಿದ್ದರು. ಹೇಗಿದ್ದೀಯ ಎಂದು ಕೇಳುವಷ್ಟು ಮುಖ ನನಗೆ ಇರಲಿಲ್ಲ. ಕೋಳಿಯ ಸ್ಥಿತಿ ಹೇಳಿದೆ. ಅದು ನರಳುವುದನ್ನು ನೋಡಲಾರೆ, ನೋವಾಗದ ಹಾಗೆ ಹೇಗೆ ಮುಗಿಸಬೇಕು ಹೇಳು, ನಿನ್ನ ಕಾಲಿಗೆ ಬೀಳುತ್ತೇನೆ ಎಂದೆ. ಅಳುವೂ ಬಂತು.

ಅವಳು ಪೂರ್ತಿ ಕೇಳಿಸಿಕೊಂಡಳು. ನಡುವೆ ಒಮ್ಮೆ ಕೆಮ್ಮಿದಳು.

"ಆವತ್ತು ಸುಮ್ಕೆ ನಿಂತಿದ್ರಲ್ಲ ಅಕ್ಕಾವ್ರೆ" ಎಂದಳು. "ಇವತ್ತೂ ಅಂಗೇ ನಿಂತ್ಕಳಿ. ತಾನಾಗೇ ಸಾಯ್ತದೆ."

ಫೋನು ಇಟ್ಟಳು. ನಾನು ಬಚ್ಚಲಿನಲ್ಲಿ ಬಟ್ಟೆಯ ಗಂಟನ್ನು ನೆಲಕ್ಕಿಟ್ಟು ನಿಂತೆ. ಅಂದಾನಿ ಬಿಟ್ಟುಹೋದ ಕತ್ತಿ ಎದುರಿಗೇ ಇತ್ತು, ಕೈ ಮುಂದೆ ಹೋಗಲಿಲ್ಲ. ಅದು ಸಾಯಲು ಮಧ್ಯಾಹ್ನ ಎರಡರವರೆಗೆ ಬೇಕಾಯಿತು.