ಶಿವಕಾಂತಮ್ಮ ಯಾಕೆ ಬೈದಳು?

ಕಮಲಾಪುರದ ರಸ್ತೆ ಬದಿ ಕೆಂಪು ಬಾಳೆಹಣ್ಣು ಮಾರುವ ಶಿವಕಾಂತಮ್ಮನ ಹತ್ತಿರ ಫೋನಿಲ್ಲ. ಆದರೆ ಅವಳ ಮುಖ ಇಲ್ಲದ ಫೋನು ಈ ಕಡೆ ಸಿಗುವುದು ಕಷ್ಟ. ಹೇಗಾಯಿತು, ಕೇಳಿ.

ಒಂದು ಬೆಳಿಗ್ಗೆ, ಇನ್ನೂ ಬೋಣಿ ಆಗಿರಲಿಲ್ಲ. ಬೈಕಿನಲ್ಲಿ ಇಬ್ಬರು ಹುಡುಗರು ಬಂದರು. ಒಬ್ಬ ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯ ಯಶವಂತ. ರೀಲ್ಸ್ ಮಾಡುವುದೇ ಅವನ ಕಸುಬು. ಅವನ ಗೆಳೆಯ ದೂರ ನಿಂತು ಫೋನ್ ಹಿಡಿದ. ಯಶವಂತ ಒಂದು ಹಣ್ಣು ಸುಲಿದು ಕಚ್ಚಿ, "ಸಪ್ಪಗದ" ಎಂದು ಬುಟ್ಟಿಗೇ ಎಸೆದ. ಇನ್ನೊಂದು ಸುಲಿದ, ಅದನ್ನೂ ಎಸೆದ. "ಬ್ಯಾಡಪ್ಪ, ಬೋಣಿ ಹೊತ್ತದ" ಎಂದು ಶಿವಕಾಂತಮ್ಮ ಕೈಮುಗಿದಳು. ಅವನು ನಕ್ಕು ಗೊನೆಗೇ ಕಾಲಿನಿಂದ ಒದ್ದ. ಆಗ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು.

"ನಿನ್ನ ಹೆಣಾ ಎತ್ತಲಿ! ನಿನ್ನ ಬಾಯಾಗ ಮಣ್ಣ ಬೀಳಲಿ!"

ರೀಲಿನಲ್ಲಿ ಉಳಿದದ್ದು ಇಷ್ಟೇ. ಕಚ್ಚಿದ್ದು ಹೋಯಿತು, ಕೈಮುಗಿದದ್ದು ಹೋಯಿತು, ಒದ್ದದ್ದಂತೂ ಹೋಗಲೇಬೇಕಲ್ಲ! ಮುದುಕಿಯ ಬೈಗುಳಕ್ಕೆ ಕುಣಿಯುವ ಸಂಗೀತ ಸೇರಿಸಿ, ಮೇಲೆ "ಗಿರಾಕಿಗೆ ಬೈಯುವ ಆಯಿ" ಎಂದು ಬರೆದು ಹಾಕಿದ ಪುಣ್ಯಾತ್ಮ. ಜನ ಹೊಟ್ಟೆ ಹಿಡಿದು ನಕ್ಕರು. ನಕ್ಕು ಸುಮ್ಮನಾದರೇ? ನಾಲ್ಕು ಗ್ರೂಪಿಗೆ ಕಳಿಸಿದರು.

ಅಲ್ಲಿಂದ ಶುರುವಾಯಿತು ಕಾಟ. ಕಾರು ನಿಲ್ಲಿಸುತ್ತಾರೆ, ಹಣ್ಣು ಕೇಳುವುದಿಲ್ಲ. "ಆಯಿ, ಒಮ್ಮೆ ಬೈರಿ" ಎನ್ನುತ್ತಾರೆ. ಶಿವಕಾಂತಮ್ಮ ಮನೆಗೆ ಬಂದು ಮಗ ನೀಲಕಂಠನಿಗೆ ಹೇಳಿದಳು.

"ನಾ ನಾಳಿಂದ ರಸ್ತೆಕ್ಕ ಹೋಗಂಗಿಲ್ಲಪ್ಪ. ನನ್ನ ಮಾನ ತಗೀಲಾಕತ್ತಾರ."

"ಯವ್ವ, ನಿನಗ ತಿಳಿಯಂಗಿಲ್ಲ. ನೀ ವೈರಲ್ ಆಗಿದಿ! ದುನಿಯಾ ನಿನ್ನ ನೋಡ್ಲಾಕತ್ತದ. ಬ್ಯಾಪಾರಕ್ಕ ಛಲೋ ಆಗ್ತದ ಬಿಡು" ಎಂದ ಮಗ.

ಅಷ್ಟಕ್ಕೇ ಬಿಡಲಿಲ್ಲ ಮಹಾಶಯ. ಕಲಬುರಗಿಗೆ ಹೋಗಿ ಫ್ಲೆಕ್ಸ್ ಮಾಡಿಸಿ ತಂದ. ಬಾಯಿ ತೆರೆದು, ಕಣ್ಣು ಕೆಂಪಗೆ ಮಾಡಿಕೊಂಡ ತಾಯಿಯ ಮುಖ, ಆಳೆತ್ತರ. ಕೆಳಗೆ "ವೈರಲ್ ಆಯಿಯ ಕೆಂಪು ಬಾಳೆ". ಅದನ್ನು ಅವಳು ಕೂರುವ ಜಾಗದ ಹಿಂದೆಯೇ ಕಟ್ಟಿದ. ತನ್ನ ಸಿಟ್ಟನ್ನು ತಾನೇ ಬೆನ್ನಿಗೆ ಕಟ್ಟಿಕೊಂಡು ಶಿವಕಾಂತಮ್ಮ ಹಣ್ಣು ಮಾರಬೇಕಾಯಿತು. ಮಗನಿಗೂ ಬೈಯಬೇಕೆನಿಸಿತು, ಆದರೆ ಬಾಯಿ ತೆರೆಯಲು ಈಗ ಹೆದರಿಕೆ. ಯಾರು ಎಲ್ಲಿ ಫೋನ್ ಹಿಡಿದಿದ್ದಾರೋ!

ಒಂದು ದಿನ ಕಲಬುರಗಿಯ ರೋಜಾ ಬಡಾವಣೆಯ ಗೌಸಿಯಾ ಹಣ್ಣಿಗೆ ಬಂದಳು. ಅವಳೂ ವಿಡಿಯೊ ಮಾಡುವವಳೇ. ದಖ್ಖನಿ ಉರ್ದುವಿನಲ್ಲಿ ಅತ್ತೆ ಸೊಸೆಯ ಜಗಳ ಆಡಿ ನಗಿಸುತ್ತಾಳೆ. ಅತ್ತೆಯೂ ತಾನೇ, ಸೊಸೆಯೂ ತಾನೇ.

ಅವಳ ಕೈಯಲ್ಲಿ ಫೋನ್ ಕಂಡದ್ದೇ ಶಿವಕಾಂತಮ್ಮ ಮುಖ ತಿರುಗಿಸಿದಳು. "ನಾ ಬೈಯಂಗಿಲ್ಲ. ಹೋಗವ್ವ."

ಗೌಸಿಯಾ ಫೋನನ್ನು ಚೀಲಕ್ಕೆ ಹಾಕಿದಳು. "ಹಣ್ಣಿಗಿ ಬಂದೀನ್ರಿ ಆಯಿ. ನಿಮ್ಮನ್ನ ಕೇಳದೆ ನಿಮ್ಮ ಫೋಟೊ ತಗಿಲಿಕ್ಕ ನಾ ಯಾರ‍್ರೀ?"

ಆಗಲೇ ಒಂದು ಕಾರು ನಿಂತಿತು. ಹುಡುಗರು ಇಳಿದು ಫ್ಲೆಕ್ಸ್ ಪಕ್ಕ ಫೋಟೊ ತೆಗೆಸಿಕೊಂಡರು. ಅಂದು ತಾಯಿಯ ಜೊತೆ ಬಂದಿದ್ದ ನೀಲಕಂಠ ಹಲ್ಲು ಬಿಟ್ಟು ನಿಂತಿದ್ದ. ಅವರಲ್ಲಿ ಒಬ್ಬ ಹಣ್ಣು ಕಚ್ಚಿ ಬುಟ್ಟಿಗೆ ಎಸೆದ. ಶಿವಕಾಂತಮ್ಮ ತುಟಿ ಬಿಗಿಹಿಡಿದಳು. ಇನ್ನೊಬ್ಬ ಎಸೆದ ಸಿಪ್ಪೆ ಅವಳ ಕೆನ್ನೆಗೇ ಬಡಿಯಿತು.

"ಬೈ ಆಯಿ, ಬೈ! ವಿಡಿಯೊ ಚಾಲೂ ಅದ!"

ನೀಲಕಂಠನ ನಗು ಅಲ್ಲೇ ನಿಂತಿತು. ಓಡಿ ಹೋಗಿ ಸಿಪ್ಪೆ ಎಸೆದವನ ಕಾಲರ್ ಹಿಡಿದ.

"ಬಿಡಣ್ಣಾ!" ಗೌಸಿಯಾ ಕೂಗಿದಳು. "ನೀ ಹೊಡದ್ರ ಅದನ್ನೂ ರೀಲ್ ಮಾಡ್ತಾರ!"

ಹುಡುಗರು ಕಾರು ಹತ್ತಿ ಪರಾರಿಯಾದರು. ಶಿವಕಾಂತಮ್ಮ ಸೆರಗಿನಿಂದ ಕೆನ್ನೆ ಒರೆಸಿಕೊಂಡಳು. "ಅವತ್ತ ಆ ರೀಲಿನ ಹುಡುಗನೂ ಹಿಂಗ ಮಾಡಿದ್ದ. ಗೊನಿಗಿ ಒದ್ದ."

"ಒದ್ದಿದ್ದ? ನೀ ಹೇಳೇ ಇಲ್ಲಲ್ಲ ಯವ್ವ?"

"ನೀ ಕೇಳಿದ್ಯೇನು? ದಿನಾ ನೋಡ್ದಿ, ದಿನಾ ನಕ್ಕಿ. ನಮ್ಮವ್ವ ಯಾಕ ಬೈದಾಳಂತ ಒಮ್ಮೆರೆ ಕೇಳಿದ್ಯೇನು?"

ನೀಲಕಂಠನ ತಲೆ ತಗ್ಗಿತು. ಹೋಗಿ ಫ್ಲೆಕ್ಸ್ ಹರಿದು ಹಾಕಿದ. ಆದರೂ ಅನುಮಾನ ಬಿಡಲಿಲ್ಲ. "ಈಗ ಏನ್ ಮಾಡಿದ್ರೇನ್ರಿ? ಊರೆಲ್ಲ ಹಬ್ಬ್ಯಾದ. ಅಷ್ಟು ದೊಡ್ಡ ಆ್ಯಪಿನವರು ನಮ್ಮ ಮಾತ ಕೇಳ್ತಾರೇನು?"

"ಕೇಳ್ಬೇಕ್ರಿ" ಎಂದಳು ಗೌಸಿಯಾ. "ಮೊದ್ಲ ಆ ವಿಡಿಯೊದ ಲಿಂಕ್ ತಗೊಂಡು ಸ್ಕ್ರೀನ್‌ಶಾಟ್ ಇಟ್ಕೋರಿ, ಅವ ಅಳಿಸಿದ್ರೂ ಸಾಕ್ಷಿ ಇರ್ತದ. ಆಮ್ಯಾಗ ಆ್ಯಪಿನ್ಯಾಗೇ ರಿಪೋರ್ಟ್ ಮಾಡ್ರಿ. ಆ ಕಂಪನಿಗಿ ದೂರು ಕೇಳೋ ಅಧಿಕಾರಿ ಇರ್ತಾರ, ಅವರಿಗಿ ಬರೀರಿ. ಸೈಬರ್ ಪೊಲೀಸರ ಹತ್ರ ನಾನೂ ಬರ್ತೀನಿ. ನಗಸೂದು ನನ್ನ ಕೆಲಸನೂ ಹೌದು ಆಯಿ. ಇಂಥವರಿಂದ ನಮಗೂ ಕೆಟ್ಟ ಹೆಸರು."

ಮೂವರೂ ಕಲಬುರಗಿಗೆ ಹೋದರು. ಪೊಲೀಸರು ಯಶವಂತನನ್ನೂ ಅವನ ಗೆಳೆಯನನ್ನೂ ಕರೆಸಿದರು. ಯಶವಂತನಿಗೆ ನಾಚಿಕೆಯೂ ಇಲ್ಲ, ಅಂಜಿಕೆಯೂ ಇಲ್ಲ.

"ನಾ ಸುಳ್ಳ ಹಾಕಿಲ್ಲ ಸರ್. ಆಯಿ ಬೈದಾಳ, ಅದನ್ನೇ ತೋರ್ಸೀನಿ."

ಶಿವಕಾಂತಮ್ಮ ಎದ್ದು ನಿಂತಳು. ಇಷ್ಟು ದಿನ ನುಂಗಿಕೊಂಡದ್ದೆಲ್ಲ ಬಾಯಿಗೆ ಬಂತು. "ಹೌದು, ಬೈದೀನಿ. ಇಲ್ಲೇ ಮತ್ತ ಬೈತೀನಿ! ನೀ ಒದ್ದದ್ದು ಎಲ್ಲದ? ಅದನ್ನ ತೋರ್ಸು. ನಾ ಕೈಮುಗಿದದ್ದು ಎಲ್ಲದ? ಅದನ್ನೂ ತೋರ್ಸು!"

ಅವನ ಗೆಳೆಯನ ಫೋನಿನಲ್ಲಿ ಪೂರಾ ವಿಡಿಯೊ ಇತ್ತು. ಅದನ್ನು ಹಾಕಿ ನೋಡಿದಾಗ ಒಬ್ಬರಿಗೂ ನಗು ಬರಲಿಲ್ಲ. ಯಶವಂತ ಅಲ್ಲೇ ರೀಲ್ ಅಳಿಸಿದ, ತಪ್ಪಾಯಿತು ಎಂದು ಬರೆದುಕೊಟ್ಟ. ಆದರೆ ಅವನು ಅಳಿಸಿದ್ದು ಒಂದು. ಜನ ಇಳಿಸಿಕೊಂಡದ್ದನ್ನು ಯಾವ ಪೊಲೀಸರು ಹೋಗಿ ಅಳಿಸಬೇಕು?

ಆ ವಾರ ಶಿವಕಾಂತಮ್ಮ ಇರುವ ಮಹಿಳಾ ಸಂಘದ ಸಭೆ. ಒಬ್ಬ ಸದಸ್ಯೆ ತಡಮಾಡಿದ್ದಕ್ಕೆ ಅಧ್ಯಕ್ಷೆ ವಿಮಲಾಬಾಯಿ ಗ್ರೂಪಿಗೆ ಒಂದು ಸ್ಟಿಕ್ಕರ್ ಕಳಿಸಿದರು. ಸುತ್ತ ಕೂತವರ ಫೋನುಗಳೆಲ್ಲ ಒಟ್ಟಿಗೆ ಸದ್ದು ಮಾಡಿದವು, ಎಲ್ಲರೂ ಕಿಸಕ್ಕೆಂದರು. ಶಿವಕಾಂತಮ್ಮ ಪಕ್ಕದವಳ ಫೋನಿಗೆ ಇಣುಕಿದಳು. ಬಾಯಿ ತೆರೆದ ತನ್ನದೇ ಮುಖ.

"ಹಾಸ್ಯಕ್ಕ ಕಳ್ಸೀನಿ ಅಕ್ಕ, ಮನಸ್ಸಿಗಿ ಹಚ್ಕೋಬ್ಯಾಡ್ರಿ" ಎಂದರು ವಿಮಲಾಬಾಯಿ.

"ಆ ಹುಡುಗಗ ನನ್ನ ಗುರ್ತ ಇದ್ದಿಲ್ಲ ವಿಮಲಾಬಾಯಿ" ಎಂದಳು ಶಿವಕಾಂತಮ್ಮ. "ನಿನಗ ಅದ. ನೀ ಹಡದಾಗ ನಿನ್ನ ಮನಿಗಿ ಗಂಜಿ ಕಾಸ್ಕೊಂಡು ಬಂದಾಕಿ ನಾ."

ವಿಮಲಾಬಾಯಿ ಫೋನ್ ಕೆಳಗಿಟ್ಟರು. ಆಮೇಲೆ ಮತ್ತೆ ಎತ್ತಿಕೊಂಡು, ಕಣ್ಣು ಒರೆಸಿಕೊಳ್ಳುತ್ತ, ಹೇಗೆ ಅಳಿಸಬೇಕೆಂದು ಎಲ್ಲರಿಗೂ ತೋರಿಸಿದರು.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ರೀಲ್ ಮಾಡುವ ತಮ್ಮ, ನಿಮಗೇ ಹೇಳುತ್ತಿರುವುದು. ಕೇಳದೆ ಯಾರ ಮುಖವನ್ನೂ ಹಿಡಿಯಬೇಡಿ. ಯಾರಾದರೂ ಕಿರುಚುವ ವಿಡಿಯೊ ಬಂದರೆ, ಅದಕ್ಕೆ ಮೊದಲು ಏನಾಯಿತೆಂದು ಕೇಳಿ, ಗೊತ್ತಾಗದಿದ್ದರೆ ಮುಂದೆ ಕಳಿಸಬೇಡಿ. ನಿಮಗೇ ಹೀಗಾದರೆ ಮುಖ ಮುಚ್ಚಿಕೊಂಡು ಮನೆಯಲ್ಲಿ ಕೂರಬೇಡಿ, ಸಾಕ್ಷಿ ಇಟ್ಟುಕೊಂಡು ದೂರು ಕೊಡಿ. ನಾನು ಬರೀ ನೋಡಿದೆ, ಬರೀ ಕಳಿಸಿದೆ ಎನ್ನುವ ಮಾತು ಬೇಡ. ಆ ಮುದುಕಿಯ ಕೆನ್ನೆಗೆ ಸಿಪ್ಪೆ ಎಸೆದವರಲ್ಲಿ ಕಳಿಸಿದವರೂ ಇದ್ದಾರೆ. ಈ ಹಾಳೆ ಕೆಳಗಿಟ್ಟು ನಿಮ್ಮ ಫೋನ್ ತೆರೆಯಿರಿ. ಅದರಲ್ಲಿ ಯಾರ ತಾಯಿಯ ಮುಖ ಇಟ್ಟುಕೊಂಡು ನಗುತ್ತಿದ್ದೀರಿ, ನೋಡಿ. ಈಗಲೇ ಅಳಿಸಿ.