ಒಳಜೇಬಿನ ದೊಣ್ಣೆಮೆಣಸು

ಸೂಜಿಗೆ ದಾರ ಪೋಣಿಸುವಷ್ಟು ಕಣ್ಣು ಸಾಲದೆ ಹೊಲಿಗೆ ಅಂಗಡಿಗೆ ಬೀಗ ಹಾಕಿದ ದರ್ಜಿ, ಹೆಂಡತಿಯ ತೋಟಕ್ಕೆ ಬಂದು ಸೇರಿದ. ಆ ನೆಲಕ್ಕೆ ರಾಸಾಯನಿಕ ಗೊಬ್ಬರದ ಒಂದು ಕಾಳೂ ಬಿದ್ದದ್ದಿಲ್ಲ. ಬೀಜವನ್ನೂ ಅವಳು, ಅವಳ ತಂಗಿ ತಾವೇ ಉಳಿಸಿಕೊಂಡು ಬಂದವರು. ಹೊಸಬನನ್ನು ಕಳೆ ಕೀಳಲು ಬಿಟ್ಟರೆ ಮೂಲಂಗಿಯನ್ನೇ ಕಿತ್ತ.

"ನೀವು ಸಸಿಮನೆ ನೋಡ್ಕೊಳ್ಳಿ. ಕೀಳೋಕೆ ಅಲ್ಲಿನ್ನೂ ಏನೂ ಹುಟ್ಟಿಲ್ಲ" ಅಂದಳು ಹೆಂಡತಿ.

ಆ ವರ್ಷ ಚಳಿ ಬಿಡಲೇ ಇಲ್ಲ. ಎರೆಗೊಬ್ಬರ ತುಂಬಿದ ಟ್ರೇಗಳಲ್ಲಿ ಬಿತ್ತಿದ ದೊಣ್ಣೆಮೆಣಸಿನ ಬೀಜ ಮೂರು ವಾರವಾದರೂ ತಲೆ ಎತ್ತಲಿಲ್ಲ. ಕೆದಕಿ ನೋಡಿದರೆ ಕೊಳೆತಿದ್ದವು. ಉಳಿದದ್ದು ನಲವತ್ತು ಚಿಲ್ಲರೆ ಬೀಜ. ದರ್ಜಿ ಅವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಸಣ್ಣ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಅಂಗಿಯ ಒಳಜೇಬಿನಲ್ಲಿಟ್ಟುಕೊಂಡ. ಮೈಬಿಸಿಗೆ ಮೊಳಕೆ ಬರುತ್ತದಂತೆ.

ಅಂದಿನಿಂದ ಅವನು ಬಗ್ಗಲಿಲ್ಲ, ಅವಸರವಾಗಿ ನಡೆಯಲಿಲ್ಲ, ಅಂಗಿಯನ್ನಂತೂ ಬಿಚ್ಚಲೇ ಇಲ್ಲ.

"ಭಾವ, ಕಾವು ಕೂತ ಕೋಳಿನೂ ಮಧ್ಯೆ ಒಂದ್ಸಲ ಎದ್ದು ಓಡಾಡುತ್ತೆ" ಅಂದಳು ತಂಗಿ.

"ಮಾತಾಡಿಸಬೇಡ ಕಣೇ, ಮೊಟ್ಟೆ ಒಡೆದೀತು" ಅಂದಳು ಅಕ್ಕ.

"ನಗಿ, ನಗಿ" ಅಂದ ದರ್ಜಿ, ಜೇಬು ಸವರಿಕೊಳ್ಳುತ್ತಾ.

ಆರನೇ ದಿನ ಹೆಂಡತಿಯ ಕಾಟ ತಡೆಯಲಾರದೆ ಅಂಗಿ ಬದಲಿಸಿ, ಖಾಲಿ ಟ್ರೇ ತರಲು ಪೇಟೆಗೆ ಹೋದ. ಅವಳು ಒಗೆಯಲು ಕೂತಳು. ಅಂಗಿಯನ್ನು ಸೋಪಿನ ನೀರಿಗೆ ಅದ್ದಬೇಕು, ಕೈಗೆ ಏನೋ ಮೆತ್ತಗೆ ಸಿಕ್ಕಿತು. ಮಹಾರಾಯ ಮರೆತೇ ಹೋಗಿದ್ದ! ಚೀಲ ಆಗಲೇ ತಣ್ಣಗಾಗಿತ್ತು. ತಂಗಿ ಎಲ್ಲಿದ್ದಾಳೆಂದು ಆಚೀಚೆ ನೋಡಿ, ಅದನ್ನು ಸೊಂಟಕ್ಕೆ ಸಿಕ್ಕಿಸಿ ಮೇಲೆ ಸ್ವೆಟರ್ ಎಳೆದುಕೊಂಡಳು.

ಸಂಜೆ ದರ್ಜಿ, ದಾರಿಯಲ್ಲಿ ಚೀಲ ನೆನಪಾಗಿ, ಒದ್ದಾಡುತ್ತಾ ಬಂದ. ಹಗ್ಗದ ಮೇಲಿನ ಅಂಗಿ ನೋಡಿ ಮುಖ ಸಪ್ಪಗಾಯಿತು.

"ಒಗೆದುಬಿಟ್ಯಾ?"

"ಮತ್ತೆ? ಐದು ದಿನದ ಅಂಗಿಗೆ ಪೂಜೆ ಮಾಡ್ಲಾ?"

ಇನ್ನೂ ಸ್ವಲ್ಪ ಆಟ ಆಡಿಸಬೇಕೆಂದಿದ್ದಳು. ಆದರೆ ಅವನು ಜೇಬಿನ ಒಳಮೈ ಹೊರಗೆಳೆದು ಹೊಲಿಗೆಯ ಸಂದಿಯಲ್ಲಿ ಬೆರಳಾಡಿಸುತ್ತಿದ್ದುದನ್ನು ನೋಡಲಾಗಲಿಲ್ಲ.

"ಹುಡುಕಬೇಡಿ. ಇಲ್ಲಿದೆ."

ಸ್ವೆಟರಿನೊಳಗಿಂದ ಚೀಲ ಹೊರಬಂತು.

"ಅದಕ್ಕೇನಾ ಬೆಳಿಗ್ಗೆಯಿಂದ ನೀರಿನ ಕ್ಯಾನೆಲ್ಲಾ ನನ್ನ ಕೈಲೇ ಎತ್ತಿಸಿದ್ದು?" ಅಂದಳು ಹಿಂದೆಯೇ ಬಂದು ನಿಂತಿದ್ದ ತಂಗಿ. ಅಕ್ಕನ ಮುಖ ಕಿವಿಯವರೆಗೂ ಕೆಂಪೇರಿತು.

ಬಟ್ಟೆ ಬಿಡಿಸಿದರೆ, ಬೀಜಗಳ ತುದಿಯಲ್ಲಿ ಬಿಳೀ ದಾರದ ಚೂರಿನಂಥ ಬೇರು.

"ಐದು ದಿನ ನಾನು ಹೊತ್ತಿದ್ದಕ್ಕೆ!"

"ಮೊಳಕೆ ಒಡೆದಾಗ ಹೊತ್ತಿದ್ದೋರು ಯಾರು, ಅದನ್ನ ಹೇಳಿ."

ಮರುದಿನ ಅವನು ಚಿಮುಟದಿಂದ ಒಂದೊಂದೇ ಮೊಳಕೆಯನ್ನು ಟ್ರೇಯ ಗುಳಿಗೆ ಇಳಿಸಿದ. ಅವಳು ಮೇಲೆ ಜರಡಿ ಹಿಡಿದ ಗೊಬ್ಬರ ಉದುರಿಸಿದಳು. ಎರಡು ವಾರಕ್ಕೆ ಮೂವತ್ತೆಂಟು ಸಸಿ ಎಲೆ ಬಿಚ್ಚಿದವು.

ಮುಂದೆ ಬದನೆಯ ಸರದಿ. ದರ್ಜಿ ಬೀಜ ಸುತ್ತುತ್ತಿದ್ದಾಗ ಹೆಂಡತಿ ಕೈ ಚಾಚಿದಳು. ಅವನು ಎರಡು ಪೊಟ್ಟಣ ಕಟ್ಟಿ, ದೊಡ್ಡದನ್ನು ತಾನೇ ಇಟ್ಟುಕೊಂಡ.